ಬಾಗಿಲು ಕಾಯುವ ಸರದಿ

ಬಟ್ಟೆಗೆ ಬಣ್ಣ ಹಾಕುವ ಆ ಗಿರಣಿಯಲ್ಲಿ ಬಣ್ಣವೇ ಇಲ್ಲದ ಕೋಣೆ ಒಂದೇ ಒಂದಿತ್ತು. ಗೋಡೆ ಬೂದು, ನೆಲ ಬೂದು, ಮೇಜು ಬೂದು, ಅಲ್ಲಿ ಕೂತವನು ತೊಡುವ ಮೇಲಂಗಿಯೂ ಬೂದು. ಹೊರಗೆ ಹಂಡೆಗಳ ಪಕ್ಕ ನಿಂತವರಿಗೆ ಮೊಣಕೈವರೆಗೆ ಕೆಂಪು, ನೀಲಿ ಮೆತ್ತಿಕೊಂಡಿರುತ್ತಿತ್ತು; ಈ ಕೋಣೆಯೊಳಗೆ ಮಾತ್ರ ಒಂದು ಬಣ್ಣದ ಪೆನ್ನನ್ನೂ ತರುವ ಹಾಗಿರಲಿಲ್ಲ. ಗಿರಾಕಿ ಕಳಿಸಿದ ಬಟ್ಟೆಯ ತುಂಡನ್ನೂ ಹಂಡೆಯಿಂದ ತೆಗೆದು ಒಣಗಿಸಿದ ತುಂಡನ್ನೂ ಅಕ್ಕಪಕ್ಕ ಇಟ್ಟು, ಎರಡೂ ಒಂದೇ ಬಣ್ಣವೋ ಅಲ್ಲವೋ ಎಂದು ಹೇಳುವುದು ಇಲ್ಲಿನ ಕೆಲಸ. ಹೇಳುತ್ತಿದ್ದವನನ್ನು ಗಿರಣಿಯವರೆಲ್ಲ ಗಿಡುಗ ಎಂದು ಕರೆಯುತ್ತಿದ್ದರು. ನಲವತ್ತೆರಡು ದಾಟಿದ ಗಿಡುಗನಿಗೆ ತಲೆಯ ಮುಂಭಾಗದ ಕೂದಲು ಹೋಗಿ, ಮೂಗು ತುಸು ಬಾಗಿ, ಹೆಸರಿಗೆ ತಕ್ಕ ರೂಪವೂ ಬಂದುಬಿಟ್ಟಿತ್ತು. ಆದರೆ ಹೆಸರು ಬಂದದ್ದು ಮೂಗಿನಿಂದಲ್ಲ, ಕಣ್ಣಿನಿಂದ. ಲ್ಯಾಬಿನ ಯಂತ್ರ ಸರಿಯೆಂದ ಬಟ್ಟೆಯನ್ನು ಅವನು ಸರಿಯಿಲ್ಲ ಎಂದರೆ, ಹಂಡೆಯವರು ಗೊಣಗುತ್ತಲೇ ಇನ್ನೊಂದು ಚಮಚ ಹಳದಿ ಸುರಿಯುತ್ತಿದ್ದರು.

ಅವನ ಕೆಲಸಕ್ಕೆ ಕಟ್ಟುನಿಟ್ಟಿನ ಒಂದು ನಿಯಮವಿತ್ತು. ಎರಡು ತುಂಡುಗಳನ್ನು ಐದು ಸೆಕೆಂಡಿಗಿಂತ ಹೆಚ್ಚು ನೋಡಬಾರದು. ನೋಡಿದ ಮೇಲೆ ಕಣ್ಣನ್ನು ಅರ್ಧ ನಿಮಿಷ ಬೂದು ಗೋಡೆಯ ಮೇಲೆ ಇಡಬೇಕು. ಕೆಂಪನ್ನೇ ದಿಟ್ಟಿಸುತ್ತ ಕೂತರೆ ಕಣ್ಣಿನೊಳಗೆ ಕೆಂಪನ್ನು ಹಿಡಿಯುವ ಭಾಗ ದಣಿದು ಕೆಂಪು ಮಂಕಾಗುತ್ತ ಹೋಗುತ್ತದೆ. ಆಮೇಲೆ ನೋಡುವವನು ನೋಡುತ್ತಿರುವುದು ಬಟ್ಟೆಯನ್ನಲ್ಲ, ತನ್ನ ದಣಿವನ್ನು. ಇದನ್ನು ಗಿಡುಗ ಹೊಸಬರಿಗೆಲ್ಲ ಬಾಯಿಪಾಠ ಮಾಡಿಸಿದ್ದ.

ಅವನಿಗೆ ಇನ್ನೊಂದು ಅಭ್ಯಾಸವಿತ್ತು. ಹನ್ನೊಂದು ವರ್ಷದಿಂದ ದಿನಾ ಸಂಜೆ ಮನೆಯ ತಾರಸಿಗೆ ಹೋಗಿ, ನೀರಿನ ಟ್ಯಾಂಕಿನ ಮರೆಯಲ್ಲಿ ಕೂತು, ಒಂದು ಬೀಡಿಯಷ್ಟು ಗಾಂಜಾ ಸೇದುತ್ತಿದ್ದ. ಅದನ್ನು ಚಟ ಎಂದರೆ ಅವನ ಮುಖ ಗಂಟಿಕ್ಕುತ್ತಿತ್ತು. ಕುಡಿತವಿಲ್ಲ, ಇಸ್ಪೀಟಿಲ್ಲ, ಯಾರ ಹತ್ತಿರವೂ ಜೋರು ಮಾತಿಲ್ಲ. ಇದು ಸಾಧನೆ ಎಂಬುದು ಅವನ ಲೆಕ್ಕ. ನಾಲ್ಕು ದಂ ಎಳೆಯುವಷ್ಟರಲ್ಲಿ ಹೊತ್ತು ನಿಧಾನವಾಗುತ್ತಿತ್ತು. ಟ್ಯಾಂಕಿನ ನಲ್ಲಿಯಿಂದ ಬೀಳುವ ಹನಿಯ ಸದ್ದಿಗೂ ಅದರ ಮುಂದಿನ ಹನಿಯ ಸದ್ದಿಗೂ ನಡುವೆ ಒಬ್ಬ ಮನುಷ್ಯ ಕಾಲು ಚಾಚಿ ಕೂರುವಷ್ಟು ಜಾಗ ಬಿಡುತ್ತಿತ್ತು. ಆ ಜಾಗದಲ್ಲಿ ಏನೋ ಇದೆ ಎನ್ನಿಸುತ್ತಿತ್ತು. ಏನು ಎಂದು ಗೊತ್ತಾಗುವ ಮೊದಲೇ, ಇದೇ, ಇದೇ ಎಂದು ಎದೆ ತುಂಬಿ ಬರುತ್ತಿತ್ತು.

ಅವನ ಹೆಂಡತಿ ಔಷಧದಂಗಡಿಯಲ್ಲಿ ಕೆಲಸ ಮಾಡುವವಳು. ವೈದ್ಯರ ಕೋಳಿಗೀರು ಅಕ್ಷರವನ್ನೂ ಬಿಡಿಸಿ ಓದುವ ಅವಳಿಗೆ ಗಂಡನನ್ನು ಓದುವುದು ಕಷ್ಟವಿರಲಿಲ್ಲ. ಮೊದಲ ಎರಡು ವರ್ಷ ಜಗಳವಾಡಿ, ಆಮೇಲೆ ಅದನ್ನೊಂದು ತಮಾಷೆಗೆ ಇಳಿಸಿದ್ದಳು. ಅವನು ಮೆಟ್ಟಿಲು ಹತ್ತುವಾಗ ಕೆಳಗಿನಿಂದ, ದೇವರನ್ನ ನೋಡಿಕೊಂಡು ಬರೋವಾಗ ಒಣಗಿದ ಬಟ್ಟೇನೂ ತಗೊಂಡು ಬನ್ನಿ ಎನ್ನುವಳು. ನಾಲ್ಕು ದಿನಕ್ಕೆ ಮೂರು ದಿನ ಅವನು ಬರಿಗೈಯಲ್ಲಿ ಇಳಿಯುತ್ತಿದ್ದ.

ಭಾನುವಾರ ಬೆಳಿಗ್ಗೆ ಮಾತ್ರ ಎರಡೇ ದಂ, ಅದೂ ಹೊರಡುವ ಮುಂಚೆ. ಹಳೆಯ ವಾಚನಾಲಯದ ಮೇಲ್ಮಹಡಿಯಲ್ಲಿ ಹನ್ನೆರಡು ಹದಿಮೂರು ಜನ ಸೇರಿ ನಲವತ್ತು ನಿಮಿಷ ಮೌನವಾಗಿ ಕೂರುತ್ತಿದ್ದರು. ಗುರುವಿಲ್ಲ, ಪುಸ್ತಕವಿಲ್ಲ, ಮಂತ್ರವಿಲ್ಲ. ನಲವತ್ತು ನಿಮಿಷ ಕಳೆದ ಮೇಲೆ ಪ್ರತಿಯೊಬ್ಬರೂ ತಮಗೆ ಆ ಹೊತ್ತಿನಲ್ಲಿ ಗಮನಕ್ಕೆ ಬಂದದ್ದನ್ನು ಒಂದು ವಾಕ್ಯದಲ್ಲಿ ಹೇಳಬೇಕು. ಅಷ್ಟೇ ಅಲ್ಲಿನ ಪದ್ಧತಿ. ಬೇರೆಯವರು ಮೊಣಕಾಲು ನೋವು, ಮನೆಯ ಚಿಂತೆ ಎನ್ನುತ್ತಿದ್ದರೆ ಗಿಡುಗ ಅಲೆ, ಆಳ, ದಡವಿಲ್ಲದ ಬೆಳಕು, ಎಲ್ಲರೂ ಒಂದೇ ನೀರು ಎಂದು ಹೇಳುತ್ತಿದ್ದ. ಹಾಗಾಗಿ ಅಲ್ಲಿ ಅವನಿಗೆ ಸಮುದ್ರ ಎಂಬ ಹೆಸರು ಬಿದ್ದಿತ್ತು. ಇವತ್ತು ನೀರು ಎಷ್ಟಿತ್ತಪ್ಪ, ಮೊಣಕಾಲುದ್ದವೋ ಕುತ್ತಿಗೆವರೆಗೋ ಎಂದು ಬಸ್ ಡ್ರೈವರು ಕೇಳಿದರೆ ಎಲ್ಲರೂ ನಗುವರು. ನಗುವಿನಲ್ಲಿ ಒಂದಿಷ್ಟು ಅಸೂಯೆಯೂ ಇತ್ತು. ಅದು ಗಿಡುಗನಿಗೆ ಹಿತವಾಗಿಯೇ ಇತ್ತು.

ಆ ಕೂಟಕ್ಕೆ ಇನ್ನೊಂದು ಪದ್ಧತಿ ಇತ್ತು. ವಾರಕ್ಕೊಬ್ಬರು ಸರದಿಯಂತೆ ಬಾಗಿಲು ಕಾಯಬೇಕು. ಅವರು ಕಣ್ಣು ಮುಚ್ಚುವಂತಿಲ್ಲ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ತಡವಾಗಿ ಬಂದವರಿಗೆ ಸದ್ದಾಗದಂತೆ ತೆರೆದು, ಗಾಳಿಗೆ ಕಿಟಕಿ ಬಡಿದುಕೊಳ್ಳದಂತೆ ನೋಡಿಕೊಂಡು, ಒಳಗಿದ್ದವರನ್ನು ಕಾಯಬೇಕು. ಅಲ್ಲಿಗೆ ಬರತೊಡಗಿದ ಎಂಟು ವರ್ಷದಲ್ಲಿ ಗಿಡುಗ ತನ್ನ ಸರದಿಯನ್ನು ಒಂದಲ್ಲ ಒಂದು ನೆವ ಹೇಳಿ ಬೇರೆಯವರಿಗೆ ದಾಟಿಸಿದ್ದ. ಸಮುದ್ರ ಬಿಟ್ಟು ಸ್ಟೂಲಿನ ಮೇಲೆ ಯಾರು ಕೂರುತ್ತಾರೆ?

ಇದೆಲ್ಲ ಅಲುಗಾಡಿದ್ದು ಎಂಬತ್ತೈದು ಬಿಲ್ಲೆಗಳಿಂದ.

ಗಿರಣಿಯಲ್ಲಿ ಬಣ್ಣ ನೋಡುವವರಿಗೆಲ್ಲ ಆರು ತಿಂಗಳಿಗೊಮ್ಮೆ ಕಣ್ಣಿನ ಪರೀಕ್ಷೆ ಇರುತ್ತಿತ್ತು. ನಾಲ್ಕು ಉದ್ದನೆಯ ಪೆಟ್ಟಿಗೆ, ಅವುಗಳಲ್ಲಿ ಒಟ್ಟು ಎಂಬತ್ತೈದು ಸಣ್ಣ ಬಿಲ್ಲೆ. ಒಂದರಿಂದ ಇನ್ನೊಂದಕ್ಕೆ ಬಣ್ಣ ಕೂದಲೆಳೆಯಷ್ಟು ಬದಲಾಗುತ್ತದೆ. ಕಲಸಿ ಕೊಟ್ಟ ಬಿಲ್ಲೆಗಳನ್ನು ಸಾಲಾಗಿ ಜೋಡಿಸಬೇಕು; ಆಮೇಲೆ ಬೆನ್ನಿಗೆ ಬರೆದ ಸಂಖ್ಯೆ ನೋಡಿ ತಪ್ಪುಗಳನ್ನು ಕೂಡುತ್ತಾರೆ. ಇಪ್ಪತ್ತರೊಳಗೆ ಬಂದರೆ ಒಳ್ಳೆಯ ಕಣ್ಣು. ಗಿಡುಗನಿಗೆ ಯಾವಾಗಲೂ ಎಂಟು, ಹೆಚ್ಚೆಂದರೆ ಹನ್ನೆರಡು.

ಆ ಸಲ ಅವನ ತಲೆಗೆ ಒಂದು ಹುಳ ಹೊಕ್ಕಿತು. ಸೇದಿದಾಗ ತಾರಸಿಯ ಮೇಲಿನ ಪಾಚಿಯಲ್ಲೇ ನೂರು ಹಸಿರು ಕಾಣುತ್ತದೆ. ಹಾಗಿದ್ದ ಮೇಲೆ ಈ ಬಿಲ್ಲೆಗಳು ಯಾವ ಲೆಕ್ಕ? ಸೊನ್ನೆ ತಪ್ಪು ತಂದು ಲ್ಯಾಬಿನವರ ಬಾಯಿ ಮುಚ್ಚಿಸಬಹುದು. ಎಂದೂ ಕೆಲಸದ ಹೊತ್ತಿನಲ್ಲಿ ಮುಟ್ಟದವನು ಅಂದು ಊಟದ ಬಿಡುವಿನಲ್ಲಿ ಬಾಯ್ಲರ್ ಕೋಣೆಯ ಹಿಂದೆ ಹೋಗಿ ಎರಡು ದಂ ಎಳೆದು ಬಂದ.

ಪರೀಕ್ಷೆ ನಡೆಸುವವರು ಲ್ಯಾಬಿನ ಮುಖ್ಯಸ್ಥೆ. ರಸಾಯನಶಾಸ್ತ್ರ ಓದಿ ಮೂವತ್ತು ವರ್ಷ ಈ ಗಿರಣಿಯಲ್ಲೇ ಕಳೆದವರು; ಎಲ್ಲರ ಬಾಯಲ್ಲೂ ಅಕ್ಕ. ಅಕ್ಕ ಬಿಲ್ಲೆಗಳನ್ನು ಕಲಸಿಟ್ಟು ಗಡಿಯಾರ ನೋಡಿದರು. ಗಿಡುಗನ ಕೈ ತಾನಾಗಿ ಓಡಿತು. ಒಂದೊಂದು ಬಿಲ್ಲೆಯೂ ತನ್ನ ಜಾಗವನ್ನು ತಾನೇ ಕೂಗಿ ಹೇಳುತ್ತಿತ್ತು. ನೀಲಿಯಿಂದ ಹಸಿರಿಗೆ ಹೋಗುವ ಸಾಲನ್ನು ಮುಗಿಸಿದಾಗ ಅವನ ಕಣ್ಣಲ್ಲಿ ನೀರೇ ಬಂತು. ಇಷ್ಟು ಚೆನ್ನಾಗಿ ಜೀವಮಾನದಲ್ಲಿ ಜೋಡಿಸಿರಲಿಲ್ಲ.

ಅಕ್ಕ ಪೆಟ್ಟಿಗೆಗಳನ್ನು ಮಗುಚಿ ಸಂಖ್ಯೆ ಬರೆದುಕೊಂಡರು. ಇನ್ನೊಮ್ಮೆ ಕೂಡಿದರು. ಕನ್ನಡಕ ತೆಗೆದು ಒರೆಸಿ ಮೂರನೆಯ ಸಲ ಕೂಡಿದರು. ಎಂಬತ್ತೆಂಟು ಬಂದಿತ್ತು. ಬೀದಿಯಲ್ಲಿ ಹೋಗುವ ಯಾರನ್ನಾದರೂ ಕರೆದು ಕೂರಿಸಿದ್ದರೂ ಅಷ್ಟು ಬರುತ್ತಿತ್ತು.

ಗಿಡುಗ ನಂಬಲಿಲ್ಲ. ಎಣಿಕೆ ತಪ್ಪಿರಬೇಕೆಂದು ವಾದಿಸಿದ. ಅಕ್ಕ ಪೆಟ್ಟಿಗೆಯನ್ನು ಅವನ ಕಡೆಗೇ ತಿರುಗಿಸಿದರು. ಅವನು ಕಣ್ಣೀರು ಹಾಕಿದ ಸಾಲಿನಲ್ಲೇ ಬಿಲ್ಲೆಗಳು ಅಂಗಡಿ ಬಾಗಿಲು ತೆರೆದಾಗ ನುಗ್ಗುವ ಜನರಂತೆ ಹಿಂದುಮುಂದಾಗಿ ನಿಂತಿದ್ದವು. ಆಮೇಲೆ ಅಕ್ಕ ಗಾಳಿಯನ್ನು ಒಮ್ಮೆ ಮೂಸಿ, ಬಾಗಿಲು ಹಾಕಿ ಬಂದು, ದನಿ ತಗ್ಗಿಸಿ ಹೇಳಿದರು:

"ನಿನ್ನ ಕಣ್ಣಿಗೆ ಏನೂ ಆಗಿಲ್ಲ ಕಣೋ. ಕಣ್ಣು ತಂದು ಕೊಟ್ಟಿದ್ದನ್ನ ನೋಡಿ ಸಹಿ ಹಾಕೋ ಗುಮಾಸ್ತ ಒಬ್ಬ ಒಳಗೆ ಕೂತಿರ್ತಾನಲ್ಲ, ಅವನು ಇವತ್ತು ಖುಷಿಯಾಗಿದ್ದ. ಬಂದಿದ್ದಕ್ಕೆಲ್ಲ ಸರಿ, ಸರಿ ಅಂತ ಒತ್ತಿದ್ದಾನೆ."

ಈ ಕಾಗದವನ್ನು ತಾನು ಫೈಲಿಗೆ ಹಾಕುವುದಿಲ್ಲವೆಂದೂ, ಆ ಸೊಪ್ಪನ್ನು ಬಿಟ್ಟು ಮೂರು ವಾರ ಕಳೆದ ಮೇಲೆ ಮತ್ತೆ ಕೂರಬೇಕೆಂದೂ, ಇನ್ನೊಂದು ಸಲ ಗಿರಣಿಯೊಳಗೆ ಆ ವಾಸನೆ ಬಂದರೆ ಮಾತ್ರ ತಾನು ಅಕ್ಕನೂ ಅಲ್ಲ ತಂಗಿಯೂ ಅಲ್ಲ ಎಂದೂ ಹೇಳಿ ಕಳಿಸಿದರು.

ಗಿಡುಗನನ್ನು ಕಾಡಿದ್ದು ಎಂಬತ್ತೆಂಟಲ್ಲ. ತಪ್ಪು ಯಾರಿಗಾದರೂ ಆಗುತ್ತದೆ. ತಪ್ಪು ಮಾಡುತ್ತಿದ್ದಾಗ ತನಗೆ ಆಣೆ ಹಾಕುವಷ್ಟು ಖಾತ್ರಿ ಇತ್ತಲ್ಲ, ಅದು. ಮನೆಗೆ ನಡೆದು ಬರುವಾಗ ಆ ಯೋಚನೆ ಒಂದು ಹೆಜ್ಜೆ ಮುಂದೆ ಹೋಯಿತು, ಅವನು ರಸ್ತೆಯ ನಡುವೆಯೇ ನಿಂತುಬಿಟ್ಟ. ತಾರಸಿಯ ಮೇಲೆ, ವಾಚನಾಲಯದ ಮಹಡಿಯಲ್ಲಿ ಇದೇ, ಇದೇ ಎಂದು ಸಹಿ ಹಾಕುತ್ತಿದ್ದವನೂ ಅದೇ ಗುಮಾಸ್ತನಲ್ಲವೇ? ಬಿಲ್ಲೆಗಾದರೆ ಬೆನ್ನ ಮೇಲೆ ಸಂಖ್ಯೆ ಇದೆ. ಸಮುದ್ರದ ಬೆನ್ನ ಮೇಲೆ ಸಂಖ್ಯೆ ಬರೆದವರು ಯಾರು?

ತಿಳಿಯಲು ಇದ್ದದ್ದು ಒಂದೇ ದಾರಿ. ಸೇದದೆ ಕೂತು ನೋಡಬೇಕು. ಬಂದರೆ ಬಂತು; ಬಾರದಿದ್ದರೆ ಹನ್ನೊಂದು ವರ್ಷದ ದೇವರು ಒಂದು ಬೀಡಿಯ ಉದ್ದದವನು ಎಂದಾಗುತ್ತದೆ. ಅವನಿಗೆ ನಿಜಕ್ಕೂ ಭಯವಾಯಿತು. ಗಾಂಜಾ ಬಿಡುವುದಕ್ಕಲ್ಲ, ಅದರ ಕೈ ಹಿಡಿದುಕೊಂಡು ಆ ದೇವರೂ ಹೊರಟುಹೋದರೆ ಎಂದು. ಆ ಸಂಜೆ ಗಾಂಜಾ ಡಬ್ಬಿಯಲ್ಲಿದ್ದದ್ದನ್ನೆಲ್ಲ ಬಚ್ಚಲಿಗೆ ಸುರಿದು ನೀರು ಹಾಕಿದ. ಹೆಂಡತಿ ನೋಡಿದಳು. ಡಬ್ಬಿಯನ್ನು ತೊಳೆದು ಅದರಲ್ಲಿ ಜೀರಿಗೆ ತುಂಬಿಟ್ಟಳು.

ಮೊದಲ ವಾರ ಮೈಯೆಲ್ಲ ಬೆವರು. ತುತ್ತು ಬಾಯಿಗಿಟ್ಟರೆ ರಟ್ಟು ಅಗಿದಂತೆ. ಕದ ಹಾಕುವ ಸದ್ದಿಗೂ ರೇಗುತ್ತಿದ್ದ. ಎರಡನೆಯ ವಾರ ಕನಸುಗಳು ಬಂದವು. ಹನ್ನೊಂದು ವರ್ಷದಲ್ಲಿ ತನಗೆ ಕನಸೇ ಬಿದ್ದಿಲ್ಲ ಎಂಬುದು ಅವನಿಗೆ ಆಗಲೇ ಹೊಳೆದದ್ದು. ಆ ಹೊಗೆ ನಿದ್ದೆಯ ಕನಸು ಕಾಣುವ ಭಾಗವನ್ನೇ ಒತ್ತಿಹಿಡಿಯುತ್ತದಂತೆ, ಬಿಟ್ಟೊಡನೆ ಅದು ಅಣೆಕಟ್ಟು ಒಡೆದಂತೆ ನುಗ್ಗುತ್ತದಂತೆ ಎಂದು ಹೆಂಡತಿ ಅಂಗಡಿಯಲ್ಲಿ ಯಾವುದೋ ಪುಸ್ತಕ ನೋಡಿ ಬಂದು ಹೇಳಿದಳು. ಒಂದು ಬೆಳಿಗ್ಗೆ ಅವನು, ಗಿರಣಿಯ ಬಾಯ್ಲರು ಕನ್ನಡಕ ಹಾಕಿಕೊಂಡು ತನ್ನ ಮಾವನ ಜೊತೆ ಚದುರಂಗ ಆಡುತ್ತಿತ್ತೆಂದು ವರದಿ ಒಪ್ಪಿಸಿದ. ಅವಳು ಲೋಟ ಕೆಳಗಿಡದೆ ಕೇಳಿದಳು:

"ಯಾರು ಗೆದ್ರು?"

"ಬಾಯ್ಲರು."

"ಅಪ್ಪ ಒಪ್ಕೊಂಡಿರಲ್ಲ ಬಿಡಿ," ಎಂದಳು. ಇಬ್ಬರೂ ನಕ್ಕರು. ಬೆಳಗಿನ ಹೊತ್ತು ಹಾಗೆ ನಕ್ಕು ಎಷ್ಟು ದಿನವಾಗಿತ್ತೆಂದು ಯಾರೂ ಎಣಿಸಲು ಹೋಗಲಿಲ್ಲ.

ಭಾನುವಾರಗಳು ಮಾತ್ರ ಬರಡು. ಮೊದಲ ಭಾನುವಾರ ನಲವತ್ತು ನಿಮಿಷವೂ ಮೊಣಕಾಲು, ಬೆನ್ನು, ಕಿವಿಯ ತುದಿಯ ತುರಿಕೆ. ಯಾರದೋ ಹೊಟ್ಟೆ ಗುರ್ರೆಂದದ್ದು ಕೇಳಿಸಿತು. ಕಣ್ಣು ಮುಚ್ಚಿದರೆ ಕತ್ತಲೆಯೂ ಇಲ್ಲ, ಬೆಳಕೂ ಇಲ್ಲ, ಕೆಲಸದ ಕೋಣೆಯ ಗೋಡೆಯಂಥ ಬೂದು. ಅವನ ಸರದಿ ಬಂದಾಗ ಏನೂ ಇಲ್ಲ ಎಂದ. ಡ್ರೈವರು, ಸಮುದ್ರ ಬತ್ತಿತಾ ಎಂದು ಕೇಳಿ, ಅವನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಎರಡನೆಯ ಭಾನುವಾರವೂ ಏನೂ ಇಲ್ಲ. ಮೂರನೆಯ ಭಾನುವಾರ ಎಲ್ಲರ ಕಣ್ಣೂ ತನ್ನ ಮೇಲಿದೆ ಎನ್ನಿಸಿ, ಗಿಡುಗ ಸುಳ್ಳು ಹೇಳಿದ. ಹಿಂದೆ ಎಂದೋ ಹೇಳಿದ್ದ ತನ್ನದೇ ವಾಕ್ಯವನ್ನು ತೆಗೆದು ಧೂಳು ಒರೆಸಿ, ದಡ ಕಾಣದ ನೀರು, ಅದರ ಕೆಳಗೆ ಬೆಳಕು ಎಂದ. ಎಲ್ಲರೂ ಸಮಾಧಾನದಿಂದ ತಲೆಯಾಡಿಸಿದರು. ಅವನಿಗೆ ಬಾಯಿ ತೊಳೆದುಕೊಳ್ಳಬೇಕು ಎನ್ನಿಸಿತು.

ಅಲ್ಲಿನವರಲ್ಲಿ ಹಿರಿಯರೆಂದರೆ ನಿವೃತ್ತ ಪೋಸ್ಟ್‌ಮ್ಯಾನ್; ಎಲ್ಲರಿಗೂ ಅಂಚೆ ತಾತ. ವಾಚನಾಲಯದ ಬೀಗದ ಕೈ ಅವರ ಹತ್ತಿರವೇ ಇರುತ್ತಿತ್ತು. ಉಳಿದವರು ಇಳಿದು ಹೋದ ಮೇಲೆ ತಾತ ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಪಟ್ಟಿ ಬಿಗಿಯುತ್ತ, ತಾನು ಮೂವತ್ತನಾಲ್ಕು ವರ್ಷ ಬೇರೆಯವರ ಕಾಗದ ಹೊತ್ತವನೆಂದೂ, ಒಂದನ್ನೂ ಬಿಚ್ಚಿ ನೋಡಿದವನಲ್ಲವೆಂದೂ ಶುರುಮಾಡಿದರು. ಆಮೇಲೆ ತಲೆ ಎತ್ತದೆ ಹೇಳಿದರು:

"ಆದ್ರೂ ಲಕೋಟೆ ಕೈಗೆ ಬಂದ್ರೆ ಗೊತ್ತಾಗ್ತಿತ್ತು ಮಾರಾಯ, ಇದು ಮನಸಿಟ್ಟು ಬರೆದಿದ್ದು, ಇದು ಇನ್ನೊಂದನ್ನ ನೋಡಿ ನಕಲು ಮಾಡಿದ್ದು ಅಂತ. ನೀನು ಇವತ್ತು ಓದಿದ್ದು ನಕಲು."

ಗಿಡುಗ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿಬಿಟ್ಟ. ತಾರಸಿ, ಬಿಲ್ಲೆ, ಗುಮಾಸ್ತ, ಮೂರು ವಾರದ ಬರಡು, ಒಂದನ್ನೂ ಬಿಡಲಿಲ್ಲ. ತಾತನಿಗೆ ಆಶ್ಚರ್ಯವೇನೂ ಆಗಲಿಲ್ಲ. ನೀನು ಮೆಟ್ಟಿಲು ಹತ್ತೋ ಮುಂಚೆ ನಿನ್ನ ಅಂಗಿ ವಾಸನೆ ಹತ್ತಿ ಬರ್ತಿತ್ತು, ನನಗೆ ವಯಸ್ಸಾಗಿದೆ, ಮೂಗಿಗೆ ಆಗಿಲ್ಲ ಎಂದರು. ಹಾಗಾದರೆ ಯಾಕೆ ಹೇಳಲಿಲ್ಲ ಎಂದರೆ, ಕಾಗದ ತಲುಪಿಸುವವನು ಅದಕ್ಕೆ ಉತ್ತರ ಬರೆಯುವುದಿಲ್ಲ ಎಂದರು. ಕೊನೆಗೆ ಗಿಡುಗ, ಎಂಟು ವರ್ಷ ಕಂಡದ್ದು ನಿಜವೋ ಸುಳ್ಳೋ ಅದನ್ನಾದರೂ ಹೇಳಿ ಎಂದು ಕೇಳಿದ. ತಾತ ಚಪ್ಪಲಿಯ ಪಟ್ಟಿ ಬಿಗಿದು ಮುಗಿಸಿದರು. ಗೊತ್ತಿಲ್ಲ ಎಂದರು. ಆಮೇಲೆ, ಏನೋ ನೆನಪಾದವರಂತೆ, ಮುಂದಿನ ವಾರ ಬಾಗಿಲು ನಿನ್ನದು, ನೆವ ಹೇಳಬೇಡ ಎಂದು ಸೇರಿಸಿದರು.

ಆ ವಾರದ ನಡುವೆ ಅಕ್ಕ ಅವನನ್ನು ಮತ್ತೆ ಬಿಲ್ಲೆಗಳ ಮುಂದೆ ಕೂರಿಸಿದರು. ಈ ಸಲ ಯಾವ ಬಿಲ್ಲೆಯೂ ಏನನ್ನೂ ಕೂಗಲಿಲ್ಲ. ಪ್ರತಿಯೊಂದಕ್ಕೂ ಅನುಮಾನ; ಇಟ್ಟು, ಗೋಡೆ ನೋಡಿ, ಮತ್ತೆ ತೆಗೆದು, ಒಂದು ಸ್ಥಾನ ಪಕ್ಕಕ್ಕೆ ಸರಿಸುತ್ತಿದ್ದ. ಎದ್ದಾಗ ಬೆನ್ನು ಬೆವೆತಿತ್ತು, ಫೇಲಾದೆ ಎಂದೇ ಅಂದುಕೊಂಡಿದ್ದ. ತಪ್ಪು ಹತ್ತು ಬಂದಿತ್ತು. ಒಬ್ಬ ಮನುಷ್ಯನ ಎರಡು ಪರೀಕ್ಷೆಯಿಂದ ಏನೂ ಸಿದ್ಧವಾಗುವುದಿಲ್ಲ ಎಂದು ಅಕ್ಕ ವಿಜ್ಞಾನದವರ ಎಚ್ಚರಿಕೆಯಿಂದ ಹೇಳಿ, ಆಮೇಲೆ ಅವನ ಬೆನ್ನಿಗೊಂದು ಗುದ್ದು ಕೊಟ್ಟರು.

ಭಾನುವಾರ ಗಿಡುಗ ಎಲ್ಲರಿಗಿಂತ ಮೊದಲು ಹೋಗಿ ಸ್ಟೂಲಿನ ಮೇಲೆ ಕೂತ. ಜನ ಬಂದರು, ಜಮಖಾನೆಯ ಮೇಲೆ ತಮ್ಮ ತಮ್ಮ ಜಾಗ ಹಿಡಿದರು, ಕಣ್ಣು ಮುಚ್ಚಿದರು. ಮಹಡಿ ನಿಶ್ಶಬ್ದವಾಯಿತು. ತೆರೆದಿದ್ದವು ಅವನ ಕಣ್ಣುಗಳು ಮಾತ್ರ.

ಮೊದಲ ಹತ್ತು ನಿಮಿಷ ಬೇಸರದಲ್ಲಿ ಹೋಯಿತು. ಬೇರೆ ಕೆಲಸವಿಲ್ಲದ ಕಣ್ಣು ಅಭ್ಯಾಸಬಲದಿಂದ ತನ್ನ ಕಸುಬಿಗೆ ಇಳಿಯಿತು; ಒಬ್ಬೊಬ್ಬರನ್ನೇ ಐದು ಸೆಕೆಂಡು ನೋಡಿ, ಗೋಡೆಗೆ ಹೋಗಿ, ಮುಂದಿನವರಿಗೆ ಬಂತು. ನರ್ಸಮ್ಮ ತನ್ನ ಎಡ ಮಣಿಕಟ್ಟನ್ನು ಬಲಗೈ ಬೆರಳಲ್ಲಿ ಹಿಡಿದು ಕೂತಿದ್ದಳು, ರೋಗಿಯ ನಾಡಿ ನೋಡುವಂತೆ. ಅವಳಿಗೇ ಅದರ ಅರಿವಿದ್ದಂತಿರಲಿಲ್ಲ. ಡ್ರೈವರ ಬಲಪಾದ ನಿಮಿಷಕ್ಕೊಮ್ಮೆ ಮೆಲ್ಲಗೆ ನೆಲ ಒತ್ತುತ್ತಿತ್ತು. ಒಳಗೆ ಎಲ್ಲಿಯೋ ಬಸ್ಸು ನಿಲ್ದಾಣಕ್ಕೆ ಬರುತ್ತಿತ್ತು, ಯಾರೋ ಇಳಿಯುತ್ತಿದ್ದರು. ಗಣಿತದ ಮೇಷ್ಟರ ಒಂದು ಕಾಲುಚೀಲ ಕಪ್ಪು, ಇನ್ನೊಂದು ಕಡುನೀಲಿ. ಅಂಚೆ ತಾತ ಬೆನ್ನು ನೆಟ್ಟಗಿಟ್ಟುಕೊಂಡೇ, ಗಲ್ಲ ಎದೆಗೆ ತಾಗಿಸಿ, ತುಟಿಯಲ್ಲಿ ಪುಟ್ಟ ಸೀಟಿ ಹಾಕುತ್ತ ಸುಖವಾಗಿ ನಿದ್ದೆ ಮಾಡುತ್ತಿದ್ದರು.

ಗಿಡುಗನಿಗೆ ನಗು ಬಂತು. ನಗುವಿನ ಹಿಂದೆಯೇ ಒಂದು ಮುಜುಗರವೂ ಬಂತು. ಎಂಟು ವರ್ಷ ಇವರ ನಡುವೆ ಕೂತು, ಎಲ್ಲರೂ ಒಂದೇ ನೀರು ಎಂದು ಇವರಿಗೇ ಹೇಳುತ್ತಿದ್ದ. ಡ್ರೈವರ ಪಾದವನ್ನು ಒಮ್ಮೆಯೂ ಕಂಡಿರಲಿಲ್ಲ. ಆ ನೀರಿನಲ್ಲಿ ಎಲ್ಲರೂ ಇದ್ದರು, ಆದರೆ ಯಾರೂ ಇರಲಿಲ್ಲ.

ಆಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಬ್ರೆಡ್ ಅಂಗಡಿಯಾಕೆ. ಬೆಳಗಿನ ಜಾವವೇ ಒಲೆ ಹೊತ್ತಿಸುವ ಅವಳು ಪ್ರತಿ ವಾರ ತಡವಾಗಿ ಬರುವವಳೇ, ಬಾಗಿಲು ಕಾಯುವವರು ಪ್ರತಿ ವಾರ ಅವಳ ಹೆಜ್ಜೆ ಕೇಳುತ್ತಲೇ ಎದ್ದು ತೆರೆಯುವವರೇ. ಗಿಡುಗನೂ ಎದ್ದು ಅಗುಳಿಗೆ ಕೈ ಹಾಕಿದ. ಕದದ ಸಂದಿಯಿಂದ ಅವಳು ಕಂಡಳು. ಬೆರಳಿಗಿಂತ ಅಗಲವಿಲ್ಲದ ಸಂದಿ, ಐದು ಸೆಕೆಂಡು.

ಅವಳು ಬಾಗಿಲ ಕಡೆ ತಿರುಗಿರಲಿಲ್ಲ. ಮೆಟ್ಟಿಲ ಪಕ್ಕದ ಗೋಡೆಗೆ ತಲೆ ಒರಗಿಸಿದ್ದಳು. ಮುಂಗೈಯಲ್ಲಿ ಹಿಟ್ಟು ಹಾಗೇ ಒಣಗಿತ್ತು. ಭುಜಗಳು ಇಳಿದಿದ್ದವು, ದುಃಖದಿಂದ ಇಳಿಯುವ ಹಾಗಲ್ಲ, ಹೊತ್ತ ಮೂಟೆಯನ್ನು ಇಳಿಸಿದವರ ಭುಜ ಇಳಿಯುವ ಹಾಗೆ. ಒಳಗೆ ಬರಲು ಕಾಯುತ್ತಿಲ್ಲ ಎನ್ನಿಸಿತು ಅವನಿಗೆ. ಇಲ್ಲಿ ನಿಲ್ಲುವುದೇ ಅವಳಿಗೆ ಬೇಕಾಗಿದೆ.

ಹಾಗೆ ಎನ್ನಿಸಿತೇ ಹೊರತು ಖಾತ್ರಿಯಿರಲಿಲ್ಲ. ಎದೆ ತುಂಬಿ ಬರಲಿಲ್ಲ, ಇದೇ ಎಂದು ಯಾರೂ ಒಳಗಿನಿಂದ ಒತ್ತಲಿಲ್ಲ. ತೆರೆಯದಿದ್ದರೆ ತನ್ನನ್ನು ಹೊರಗೆ ನಿಲ್ಲಿಸಿದರೆಂದು ಅವಳು ನೊಂದುಕೊಳ್ಳಬಹುದು. ತೆರೆದರೆ ಸೌಜನ್ಯಕ್ಕೆ ಒಂದು ನಗು ನಕ್ಕು ಒಳಗೆ ಬಂದುಬಿಡುತ್ತಾಳೆ. ಅಗುಳಿಯನ್ನು ಸದ್ದಿಲ್ಲದೆ ಸರಿಸಿದ. ಕದವನ್ನು ಎಳೆಯಲಿಲ್ಲ. ಬೇಕೆಂದಾಗ ಬೆರಳು ತಾಗಿಸಿದರೆ ತೆರೆದುಕೊಳ್ಳುವಷ್ಟು ಬಿಟ್ಟು, ಸ್ಟೂಲನ್ನು ತುಸು ಪಕ್ಕಕ್ಕೆ ಒಯ್ದು, ತನ್ನ ನೆರಳು ಸಂದಿಯಲ್ಲಿ ಬೀಳದಂತೆ ಕೂತುಕೊಂಡ. ಕೂತವನಿಗೆ ಒಂದು ಗೋಡೆಯ ಆಚೆ ಅವಳಿರುವುದೂ, ಈಚೆ ಇವರಿರುವುದೂ, ನಡುವೆ ತಾನು ಇಬ್ಬರಿಗೂ ಅಡ್ಡವಾಗದೆ ಇರಬೇಕಾಗಿರುವುದೂ, ಇಷ್ಟು ಮಾತ್ರ ತಲೆಯಲ್ಲಿತ್ತು. ಎಷ್ಟು ಹೊತ್ತೋ. ಬಿಸಿಲು ಕಿಟಕಿಯಿಂದ ಮೇಷ್ಟರ ಮೊಣಕಾಲಿಗೆ ಬಂದಿತ್ತು. ಕದ ತಾನಾಗಿ ಒಂದು ಮೊಳ ಸರಿಯಿತು. ಅವಳು ಒಳಗೆ ಬಂದು, ಅವನ ಕಡೆ ನೋಡದೆ, ಹಿಂದಿನ ಸಾಲಿನಲ್ಲಿ ಕೂತಳು.

ನಲವತ್ತು ನಿಮಿಷ ಮುಗಿಯಿತು. ಒಬ್ಬೊಬ್ಬರೇ ಹೇಳಿದರು. ಬ್ರೆಡ್ ಅಂಗಡಿಯಾಕೆಯ ಸರದಿ ಬಂದಾಗ ಅವಳು ಕೈಯ ಹಿಟ್ಟನ್ನು ಉಗುರಿನಲ್ಲಿ ಕೆರೆಯುತ್ತ ಹೇಳಿದಳು:

"ಇವತ್ತು ಯಾರೂ ಬಾಗಿಲು ತೆಗೀಲಿಲ್ಲ. ಎದ್ದಾಗಿಂದ ಇಷ್ಟು ಹೊತ್ತು ನನ್ನ ಹತ್ರ ಯಾರೂ ಏನೂ ಕೇಳ್ದೆ ಇದ್ದಿದ್ದು ಅಂದ್ರೆ ಆ ಗೋಡೆ ಹತ್ರಾನೇ. ಪ್ರತಿ ವಾರ ಇನ್ನೊಂದು ಸ್ವಲ್ಪ ನಿಲ್ಲೋಣ ಅನ್ಸುತ್ತೆ, ಅಷ್ಟರಲ್ಲಿ ಯಾರಾದ್ರೂ ತೆಗೆದುಬಿಡ್ತಾರೆ, ಪಾಪ, ಒಳ್ಳೇದಕ್ಕೇ."

ಒಂದು ವಾಕ್ಯದ ಜಾಗದಲ್ಲಿ ಮೂರು ಆಯಿತೆಂದು ಯಾರೂ ಎಣಿಸಲಿಲ್ಲ. ಗಿಡುಗ ತಲೆ ತಗ್ಗಿಸಿ ತನ್ನ ಬೆರಳುಗಳನ್ನು ನೋಡಿಕೊಂಡ. ಕಿವಿ ಬಿಸಿಯಾಗಿತ್ತು. ಯಾರೋ ಬಿಲ್ಲೆಯನ್ನು ಮಗುಚಿ ಸಂಖ್ಯೆ ತೋರಿಸಿದಂತಾಗಿತ್ತು.

ಬಾಗಿಲು ಕಾದವರೂ ಹೇಳಬೇಕು. ಎಲ್ಲರೂ ಅವನತ್ತ ತಿರುಗಿದರು. ಡ್ರೈವರು ಬಾಯಿ ತೆರೆದು ಮತ್ತೆ ಮುಚ್ಚಿದ. ಗಿಡುಗ ಮೇಷ್ಟರ ಪಾದಗಳತ್ತ ನೋಡಿದ.

"ಮೇಷ್ಟ್ರ ಕಾಲುಚೀಲ ಒಂದು ಕಪ್ಪು, ಒಂದು ಕಡುನೀಲಿ," ಎಂದ.

ಮೇಷ್ಟರು ಎರಡೂ ಪಾದಗಳನ್ನು ಮುಂದೆ ಚಾಚಿ, ಎರಡೂ ಕಪ್ಪೇ, ಬೆಳಿಗ್ಗೆ ದೀಪ ಹಾಕಿ ನೋಡಿಯೇ ಹಾಕಿಕೊಂಡಿದ್ದೇನೆ ಎಂದು ಪ್ರತಿಭಟಿಸಿದರು. ದೀಪದ ಬೆಳಕಿಗೆ ಜೊತೆಯಾದ ಬಣ್ಣ ಹಗಲಿಗೆ ಬೇರೆಯಾಗುವುದುಂಟು, ಕಿಟಕಿಯ ಹತ್ತಿರ ಬನ್ನಿ ಎಂದು ಗಿಡುಗ ಕರೆದ. ನಾಲ್ಕು ಜನ ಮೇಷ್ಟರನ್ನು ಕಿಟಕಿಗೆ ಒಯ್ದು ಬಿಸಿಲಿನಲ್ಲಿ ಕಾಲು ಎತ್ತಿಸಿದರು. ಇಷ್ಟು ವರ್ಷದಲ್ಲಿ ಆ ಮಹಡಿಯ ಮೇಲೆ ಅಷ್ಟು ಗಟ್ಟಿಯಾದ ನಗು ಕೇಳಿರಲಿಲ್ಲ. ಕೆಳಗೆ ಪೇಪರ್ ಓದುತ್ತಿದ್ದವರು ತಲೆ ಎತ್ತಿ ನೋಡಿರಬೇಕು.

ಎಲ್ಲರೂ ಹೋದ ಮೇಲೆ ಜಮಖಾನೆ ಮಡಿಸಲು ತಾತ ಮತ್ತು ಗಿಡುಗ ಉಳಿದರು. ಗಿಡುಗ ಬಾಗಿಲಲ್ಲಿ ನಡೆದದ್ದನ್ನು ಹೇಳಿದ. ಸಂದಿಯಿಂದ ಕಂಡದ್ದು, ತೆರೆಯದೆ ಬಿಟ್ಟದ್ದು, ಖಾತ್ರಿಯಿಲ್ಲದೆಯೂ ಬಿಟ್ಟದ್ದು. ಆ ಕೂತ ಹೊತ್ತಿನಲ್ಲಿ ತನ್ನ ನೆನಪೇ ತನಗಿರಲಿಲ್ಲ ಎಂಬುದನ್ನು ಹೇಳಲು ಹೋಗಿ, ಮಾತು ಮತ್ತೆ ಅಲೆ, ಆಳದ ಕಡೆ ವಾಲುತ್ತಿದೆ ಎಂದು ಗೊತ್ತಾಗಿ ಅರ್ಧಕ್ಕೆ ನಿಲ್ಲಿಸಿದ. ಅದು ಏನು ತಾತ ಎಂದಷ್ಟೇ ಕೇಳಿದ.

"ನನ್ನ ಕೇಳಬೇಡ ಮಾರಾಯ, ನಾನು ನಿದ್ದೆ ಮಾಡ್ತಿದ್ದೆ."

"ಅದೂ ಕಂಡೆ."

ತಾತ ಒಂದಿಷ್ಟೂ ನಾಚದೆ ಜಮಖಾನೆಯ ಒಂದು ಅಂಚನ್ನು ಎತ್ತಿದರು. ಮುಂದಿನ ವಾರವೂ ಬಾಗಿಲು ನೀನೇ ನೋಡಿಕೊಳ್ಳುತ್ತೀಯೇನು, ಕೈ ಹತ್ತಿದೆಯಲ್ಲ ಎಂದು ಕೇಳಿದರು. ಗಿಡುಗ ಯೋಚಿಸಿದ. ಒಪ್ಪಿಕೊಳ್ಳಬೇಕೆಂದು ಬಾಯಿಗೆ ಬಂದಿತ್ತು. ಒಂದು ಡಬ್ಬಿ ಬಿಟ್ಟು ಇನ್ನೊಂದು ಡಬ್ಬಿ ಹಿಡಿದಂತಾದೀತು ಎನ್ನಿಸಿ ಬೇಡವೆಂದು ತಲೆಯಾಡಿಸಿದ. ಸರದಿ ಯಾರದೋ ಅವರು ಕಾಯಲಿ, ತಾನು ಒಳಗೆ ಕೂರುತ್ತೇನೆ ಎಂದ.

"ಒಳಗೆ ಏನೂ ಸಿಗದೆ ಇದ್ರೆ?"

"ಸಿಗದೆ ಇದ್ರೆ ಕೂತಿರ್ತೀನಿ."

ಹೇಳಿದ ಮೇಲೆ ಆ ಮಾತಿನಲ್ಲಿ ಭಯ ಇದೆಯೋ ಎಂದು ತಾನೇ ಒಮ್ಮೆ ಹುಡುಕಿ ನೋಡಿದ. ಸಿಗಲಿಲ್ಲ. ತಾತ, ನಿನ್ನ ಕಡೆ ಸೊಟ್ಟ ಇದೆ, ಸ್ವಲ್ಪ ಎಳೆ ಎಂದರು. ಗಿಡುಗ ಎಳೆದ. ಇಬ್ಬರೂ ಎದುರುಬದುರಾಗಿ ನಡೆದು ಬಂದು, ಅಂಚಿಗೆ ಅಂಚು ಕೂಡಿಸಿ, ಜಮಖಾನೆಯನ್ನು ನಾಲ್ಕು ಮಡಿಕೆ ಮಾಡಿ ಮೂಲೆಗಿಟ್ಟರು.